ಉಳ್ಳಾಗಡ್ಡಿ ತಿಂದ ದನಗಳಿಗೆ ರಕ್ತಹೀನತೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದಲ್ಲಿ ಧಾರಣೆ ಕುಸಿದಾಗ ಕೊಳೆತ ಉಳ್ಳಾಗಡ್ಡಿ ದನಗಳ ಗೋದಲಿ ಸೇರುವುದುಂಟು. ಚೆಲ್ಲುವುದೇಕೆಂಬ ಭಾವನೆ ಸಹಜವೇ. ಆದರೆ ಇದು ಅಪಾಯಕರ. ಉಳ್ಳಾಗಡ್ಡಿಯ ಗಂಧಕಯುಕ್ತ ವಸ್ತುಗಳು ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸುತ್ತವೆ. ಕೆಟ್ಟ ಭಾಗವು ಕೆಂಪು ರಕ್ತಕಣದೊಳಗೆ ಸಣ್ಣ ಗುಂಡಾಗಿ ಗಟ್ಟಿಗೊಳ್ಳುತ್ತದೆ. 1890ರಲ್ಲಿ ಜರ್ಮನಿಯ ರಾಬರ್ಟ್ ಹೈಂಜ್ ಇವುಗಳನ್ನು ವರ್ಣಿಸಿದ್ದರಿಂದ 'ಹೈಂಜ್ ಕಾಯ'ಗಳೆಂದು ಹೆಸರು. ಇಂಥ ಕಣಗಳು ಬೇಗನೆ ಒಡೆಯುತ್ತವೆ. ಕೆಲವೇ ದಿನಗಳಲ್ಲಿ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ, ಕಣ್ಣಿನ ಒಳಪೊರೆ ಬಿಳಿಚಿ, ದನ ಏದುಸಿರು ಬಿಡುತ್ತದೆ. ಕುರಿ, ಆಡುಗಳು ದನಗಳಿಗಿಂತ ಹೆಚ್ಚು ತಾಳಿಕೊಳ್ಳುತ್ತವೆ.

ಉಣ್ಣಿಯಿಂದ ಹರಡುವ ಬಬೇಸಿಯಾ ರೋಗದಲ್ಲಿಯೂ ಮೂತ್ರ ಕೆಂಪಾಗುತ್ತದೆ. ಅಲ್ಲಿ ಕಣದೊಳಗೆ ಇರುವುದು ರೋಗಾಣು. ಎರಡಕ್ಕೂ ಚಿಕಿತ್ಸೆ ಬೇರೆ. ಆದ್ದರಿಂದ ರಕ್ತಪರೀಕ್ಷೆ ಮಾಡಿಸಿರಿ. ಉಳ್ಳಾಗಡ್ಡಿ ತಿನ್ನಿಸಿದ್ದನ್ನು ಪಶುವೈದ್ಯರಿಗೆ ಮುಚ್ಚಿಡದೆ ಹೇಳಿರಿ. ಒಣಗಿಸಿದರೂ ಬೇಯಿಸಿದರೂ ಇದರ ವಿಷ ಹೋಗದು. ಕೊಳೆತ ಗಡ್ಡೆಗಳನ್ನು ದನಗಳ ಬಾಯಿಗೆ ಸಿಗದಂತೆ ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಮಣ್ಣು ಮುಚ್ಚಿರಿ.