ಕಾಫಿ ಸೀಮೆಯ ದೊರೆಗಳು: ದೇವರು, ಸಂಘ, ಸಭೆ

ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಮೂಡಿಗೆರೆ, ಬಾಳೂರು, ಕಳಸದವರೆಗೆ, ಅತ್ತ ಮಂಜರಾಬಾದಿನ ಘಟ್ಟದಂಚಿನವರೆಗೆ ಹಬ್ಬಿರುವ ಕಾಫಿ ಸೀಮೆಯಲ್ಲಿ ಇಂಗ್ಲಿಷ್ ತೋಟಗಾರರು ನೆಲೆಯೂರಿದ್ದು 19ನೆಯ ಶತಮಾನದಲ್ಲಿ. ಅವರ ಸಂಖ್ಯೆ ಎಂದೂ ದೊಡ್ಡದಿರಲಿಲ್ಲ. ಆದರೂ ತಮ್ಮ ವ್ಯವಹಾರವನ್ನು ತಾವೇ ಕೂತು ತೀರ್ಮಾನಿಸಲು ಸಂಘ ಕಟ್ಟಿಕೊಂಡರು, ಸರ್ಕಾರದ ಮುಂದೆ ಅಹವಾಲು ಇಡಲು ಪ್ರತಿನಿಧಿಗಳನ್ನು ಪಡೆದರು, ಪ್ರಾರ್ಥನೆಗೆ ಚರ್ಚುಗಳನ್ನು ಮಾಡಿಕೊಂಡರು. ಇಂಗ್ಲಿಷರು ಕಡಲು ದಾಟಿ ವಸತಿ ಹೂಡಿದ ಬೇರೆ ಕಡೆಗಳಲ್ಲೂ ಧರ್ಮ ಮತ್ತು ಸ್ವಯಂ ಆಡಳಿತ ಎರಡೂ ಅವರ ಜೊತೆಗೆ ಹೋಗಿವೆ. ಅಮೆರಿಕದಲ್ಲಿ ಒಂದರ ಬುನಾದಿಯ ಮೇಲೆ ಇನ್ನೊಂದು ನಿಂತಿತು. ಮಲೆನಾಡಿನಲ್ಲಿ ಎರಡೂ ಬೇರೆ ಬೇರೆ ದಾರಿ ಹಿಡಿದವು. ಕಾರಣ ತಿಳಿಯಬೇಕಾದರೆ ಅಮೆರಿಕದ ವಸತಿಗಳಿಂದಲೇ ಶುರುಮಾಡಬೇಕು.

ಉತ್ತರ ಅಮೆರಿಕದಲ್ಲಿ ಉಳಿದುಕೊಂಡ ಮೊದಲ ಇಂಗ್ಲಿಷ್ ವಸತಿ ವರ್ಜೀನಿಯಾದ ಜೇಮ್ಸ್‌ಟೌನ್. 1607ರಲ್ಲಿ ಅದನ್ನು ಹೂಡಿದ್ದು ಲಾಭಕ್ಕೆಂದು ಕೂಡಿದ ಒಂದು ವ್ಯಾಪಾರಿ ಕಂಪನಿ. ಆದರೂ ಅಲ್ಲಿ ಪ್ರಾರ್ಥನೆ ತಪ್ಪಿಸಿದವರಿಗೆ ಶಿಕ್ಷೆ ಇತ್ತು. 1619ರ ಜುಲೈ 30ರಂದು ವಸತಿಗಳ 22 ಪ್ರತಿನಿಧಿಗಳು ಮೊದಲ ಬಾರಿಗೆ ಸಭೆ ಸೇರಿದರು. ಅವರು ಕೂತದ್ದು ಊರಿನ ಚರ್ಚಿನಲ್ಲೇ. ಮೊದಲು ಪಾದ್ರಿಯ ಪ್ರಾರ್ಥನೆ, ಆಮೇಲೆ ಪ್ರಮಾಣವಚನ, ಅದಾದ ಮೇಲೆ ಕಾನೂನಿನ ಚರ್ಚೆ. ಬಿಸಿಲಿನ ಬೇಗೆ ಎಷ್ಟಿತ್ತೆಂದರೆ ಸದಸ್ಯರು ಕಾಯಿಲೆ ಬಿದ್ದು, ಕೆಲವೇ ದಿನಗಳಲ್ಲಿ ಸಭೆ ಮುಗಿಸಬೇಕಾಯಿತು. ಅದೇ ಆಗಸ್ಟ್ ತಿಂಗಳ ಕೊನೆಗೆ ಆಫ್ರಿಕಾದಿಂದ ಸೆರೆಹಿಡಿದು ತಂದ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹಡಗೊಂದು ವರ್ಜೀನಿಯಾಕ್ಕೆ ತಂದು ಮಾರಿತು. ತಾವೇ ಆಳಿಕೊಳ್ಳುವ ಹಕ್ಕು ಯಾರದ್ದು, ಯಾರದ್ದಲ್ಲ ಎಂಬ ಗೆರೆ ಆ ಸಭೆಯ ಮೊದಲ ವರ್ಷದಲ್ಲೇ ಬಿದ್ದಿತ್ತು.

ಉತ್ತರದ ನ್ಯೂ ಇಂಗ್ಲೆಂಡಿನಲ್ಲಿ ಧರ್ಮದ ಪಾತ್ರ ಇನ್ನೂ ಆಳವಾದದ್ದು. ಇಂಗ್ಲೆಂಡಿನ ರಾಜಚರ್ಚಿನ ಜೊತೆ ಸಂಬಂಧ ಕಡಿದುಕೊಂಡವರು 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದರು. ದಡ ಹತ್ತುವ ಮುಂಚೆಯೇ 41 ಮಂದಿ ಗಂಡಸರು ಒಂದು ಒಪ್ಪಂದಕ್ಕೆ ಸಹಿ ಹಾಕಿ, ದೇವರ ಸಾಕ್ಷಿಯಾಗಿ ಒಂದೇ ಸಮುದಾಯವಾಗಿ ಬಾಳುತ್ತೇವೆ, ತಾವು ಮಾಡುವ ಕಾನೂನಿಗೆ ತಾವೇ ತಲೆಬಾಗುತ್ತೇವೆ ಎಂದರು. ಹತ್ತು ವರ್ಷದ ಮೇಲೆ ಮ್ಯಾಸಚೂಸೆಟ್ಸಿಗೆ ಬಂದ ಪ್ಯೂರಿಟನ್ ಪಂಥದ ಕ್ರೈಸ್ತರು ಧರ್ಮ ಮತ್ತು ಆಡಳಿತದ ಈ ನಂಟನ್ನು ಕಟ್ಟುನಿಟ್ಟು ಮಾಡಿದರು. 1631ರಿಂದ ಚರ್ಚಿನ ಸದಸ್ಯರಾದವರಿಗೆ ಮಾತ್ರ ಮತದ ಹಕ್ಕು. ಭಾನುವಾರ ಪ್ರಾರ್ಥನೆ ನಡೆಯುವ ಮನೆಯಲ್ಲೇ ಬೇರೆ ದಿನ ಊರಿನ ಸಭೆ ಸೇರಿ ಹುಲ್ಲುಗಾವಲು, ರಸ್ತೆ, ತೆರಿಗೆಗಳ ಮಾತುಕತೆ ನಡೆಸುತ್ತಿತ್ತು. ಒಪ್ಪದವರಿಗೆ ಅಲ್ಲಿ ಜಾಗವಿರಲಿಲ್ಲ. ಸರ್ಕಾರ ಮನುಷ್ಯನ ಅಂತಃಸಾಕ್ಷಿಯನ್ನು ಆಳಬಾರದು ಎಂದ ರೋಜರ್ ವಿಲಿಯಮ್ಸ್‌ಗೆ ಗಡೀಪಾರಾಯಿತು. ಆತ 1636ರಲ್ಲಿ ಪ್ರಾವಿಡೆನ್ಸ್ ಎಂಬ ಬೇರೆ ಊರನ್ನೇ ಕಟ್ಟಿದ. ಕ್ವೇಕರ್ ಪಂಥದ ಮೇರಿ ಡೈಯರ್ ಎಂಬ ಹೆಂಗಸನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಸ್ವಾತಂತ್ರ್ಯ ಹುಡುಕಿಕೊಂಡು ಬಂದವರು ಇನ್ನೊಬ್ಬರಿಗೆ ಅದನ್ನೇ ನಿರಾಕರಿಸಿದ ಈ ಘಟನೆ ಓದುವಾಗ ಇಂದಿಗೂ ಮನಸ್ಸು ಕಲಕುತ್ತದೆ. 1691ರ ಹೊಸ ಸನ್ನದು ಬಂದ ಮೇಲೆ ಮ್ಯಾಸಚೂಸೆಟ್ಸಿನಲ್ಲಿ ಮತದ ಹಕ್ಕಿಗೆ ಚರ್ಚಿನ ಸದಸ್ಯತ್ವ ಹೋಗಿ ಆಸ್ತಿ ಅಳತೆಗೋಲಾಯಿತು.

ನ್ಯೂ ಇಂಗ್ಲೆಂಡಿನಿಂದ ದಕ್ಷಿಣ ಭಾರತಕ್ಕೆ ಒಂದು ನೇರ ಎಳೆ ಇದೆ. 1687ರಲ್ಲಿ ಮದರಾಸಿನ ಗವರ್ನರ್ ಆದ ಎಲಿಹು ಯೇಲ್ ಹುಟ್ಟಿದ್ದು ಬಾಸ್ಟನ್ನಿನಲ್ಲಿ. 1688ರಲ್ಲಿ ಮದರಾಸ್ ನಗರಸಭೆಯ ಮೊದಲ ಮೇಯರ್ ಆದ ನಥಾನಿಯಲ್ ಹಿಗಿನ್ಸನ್ ಕನೆಕ್ಟಿಕಟ್‌ನವನು, ಹಾರ್ವರ್ಡ್‌ನಲ್ಲಿ ಓದಿದವನು. ಅವನ ಅಜ್ಜ ಮ್ಯಾಸಚೂಸೆಟ್ಸಿನ ಸೇಲಂ ಊರಿನ ಪ್ಯೂರಿಟನ್ ಪಾದ್ರಿ. ಆದರೆ ಮೊಮ್ಮಗ ಅಧ್ಯಕ್ಷನಾಗಿದ್ದ ಸಭೆಯಲ್ಲಿ ಇಂಗ್ಲಿಷರ ಜೊತೆ ಬೇರೆ ಯೂರೋಪಿಯನ್ನರೂ ಹಿಂದೂ ವರ್ತಕರೂ ಕೂತಿದ್ದರು. ತೆರಿಗೆ ಎತ್ತಬೇಕಾದರೆ ತೆರಿಗೆ ಕೊಡುವವರನ್ನು ಜೊತೆಗಿಟ್ಟುಕೊಳ್ಳಬೇಕು ಎಂಬುದು ಮದರಾಸನ್ನು ಆಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಾಚಾರ. ಮದರಾಸಿನ ಕೋಟೆಯೊಳಗೆ 1680ರಲ್ಲೇ ಸೇಂಟ್ ಮೇರಿ ಚರ್ಚು ಎದ್ದಿದ್ದರೂ ಅದು ಇಂಗ್ಲಿಷರ ಸ್ವಂತ ಆರಾಧನೆಯ ಜಾಗವಾಗಿತ್ತೇ ಹೊರತು, ಊರಿನ ಆಡಳಿತದಲ್ಲಿ ಯಾರಿಗೆ ಪಾಲು ಎಂದು ನಿರ್ಧರಿಸುವ ಜಾಗವಾಗಿರಲಿಲ್ಲ. ಮುಂದೆಯೂ ಕಂಪನಿ ಭಾರತೀಯರ ಧರ್ಮದ ತಂಟೆಗೆ ಹೋದರೆ ವ್ಯಾಪಾರ ಕೆಡುತ್ತದೆಂದು ಅಂಜುತ್ತಲೇ ಇತ್ತು. ಮಿಷನರಿಗಳು ಭಾರತಕ್ಕೆ ಬರಲು ಹಾದಿ ಸಲೀಸಾದದ್ದು 1813ರ ಸನ್ನದು ಕಾಯ್ದೆಯಿಂದ. ಸಾಮಾನ್ಯ ಇಂಗ್ಲಿಷರು ಇಲ್ಲಿ ನೆಲ ಹಿಡಿದು ನೆಲೆಸಲು ಇದ್ದ ಅಡ್ಡಿಗಳು ಸಡಿಲಾದದ್ದು 1833ರ ಕಾಯ್ದೆಯಿಂದ.

ಕಾಫಿ ಸೀಮೆಯ ಕಥೆ ಇಲ್ಲಿಂದ ಹತ್ತಿರವಾಗುತ್ತದೆ. ಮೈಸೂರಿನ ಆಡಳಿತವನ್ನು ಬ್ರಿಟಿಷರು 1831ರಲ್ಲಿ ಕೈಗೆ ತೆಗೆದುಕೊಂಡಿದ್ದರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್. ಸೂಫಿ ಸಂತ ಬಾಬಾಬುಡನ್ ಯೆಮೆನ್ನಿನಿಂದ ತಂದರೆಂದು ಜನ ನಂಬಿಕೊಂಡು ಬಂದಿರುವ ಕಾಫಿ ಬೀಜ ಆ ವೇಳೆಗೆ ಗಿರಿಯ ಸುತ್ತಮುತ್ತ ಹಿತ್ತಲ ಬೆಳೆಯಾಗಿ ಹರಡಿತ್ತು. ಯೂರೋಪಿಯನ್ ಪದ್ಧತಿಯ ತೋಟವನ್ನು ಮೊದಲು ಮಾಡಿದವನು ಕ್ಯಾನನ್, ಗಿರಿಯ ದಕ್ಷಿಣದ ಸಾಲಿನಲ್ಲಿ. ಅದು ಕೈಹಿಡಿದದ್ದನ್ನು ಕಂಡು ಗ್ರೀನ್ ಎಂಬಾತ 1843ರಲ್ಲಿ ಮಂಜರಾಬಾದಿನ ಐಗೂರು ಸೀಮೆಯಲ್ಲಿ ತೋಟ ಶುರುಮಾಡಿದ. 1850ರ ದಶಕದಲ್ಲಿ ಬಂದವರಲ್ಲಿ ರಾಬರ್ಟ್ ಎಲಿಯಟ್ ಮುಖ್ಯನಾದವನು. 1871 ಮತ್ತು 1894ರಲ್ಲಿ ಪ್ರಕಟವಾದ ಅವನ ಎರಡು ಪುಸ್ತಕಗಳು ಆ ಕಾಲದ ತೋಟಗಾರರ ಮನಸ್ಸನ್ನು ತಿಳಿಯಲು ಒಳ್ಳೆಯ ದಾಖಲೆ.

ಇವರು ಬಂದದ್ದು ಒಬ್ಬೊಬ್ಬರಾಗಿ. ಪಾದ್ರಿಯ ಹಿಂದೆ ಹೊರಟ ಸಭೆಯಾಗಿ ಅಲ್ಲ, ಕುಟುಂಬ ಸಮೇತ ಊರು ಕಟ್ಟಲು ಬಂದವರೂ ಅಲ್ಲ. ಒಂದು ಬಂಗಲೆಯಿಂದ ಇನ್ನೊಂದಕ್ಕೆ ಮೈಲುಗಟ್ಟಲೆ ಕಾಡು, ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲ. ವಾರಕ್ಕೊಮ್ಮೆ ಚರ್ಚಿನಲ್ಲಿ ಕೂಡುವ ಬದುಕು ಇಲ್ಲಿ ಸಾಧ್ಯವೇ ಇರಲಿಲ್ಲ. ದೊರೆಗಳೆಂದು ಕರೆಸಿಕೊಂಡ ಈ ತೋಟಗಾರರು ಒಟ್ಟು ಸೇರುತ್ತಿದ್ದದ್ದು ಕ್ಲಬ್ಬಿನಲ್ಲಿ. ಚಿಕ್ಕಮಗಳೂರಿನ ಕಡೂರು ಕ್ಲಬ್, ಸಕಲೇಶಪುರದ ಮಂಜರಾಬಾದ್ ಕ್ಲಬ್ ಆ ದಿನಗಳ ಉಳಿಕೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅವರು ಬಂದ ನೆಲದಲ್ಲಿ ದೇವರೂ ಇತ್ತು, ಆಡಳಿತವೂ ಇತ್ತು. ಕಳಸದಲ್ಲಿ ಕಳಸೇಶ್ವರ, ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠ, ಮೂಡಿಗೆರೆಯ ಅಂಗಡಿಯಲ್ಲಿ ಹೊಯ್ಸಳರ ಕಾಲದ ಬಸದಿಗಳು ಮತ್ತು ವಾಸಂತಿಕಾ ದೇವಿ, ಗಿರಿಯ ಮೇಲೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಗವಿ. ಇವುಗಳ ಕೆಳಗೆ ಪ್ರತಿ ಊರಿಗೂ ಗುಡಿ, ಹಲವು ಊರು ಸೇರಿದ ನಾಡಿಗೆ ಗೌಡ. ಸುಗ್ಗಿ ಹಬ್ಬಕ್ಕೆ ಸಾರು ಹಾಕಿದ, ಅಂದರೆ ಊರಿಗೆಲ್ಲ ಸಾರಿ ಹೇಳಿದ, ಮೇಲೆ ಊರಿನ ಎಲ್ಲೆಯೊಳಗೆ ಏನು ಮಾಡಬಹುದು, ಏನು ಮಾಡಬಾರದು ಎಂಬ ಕಟ್ಟುಪಾಡಿಗೆ ಎಲ್ಲರೂ ಒಳಪಡುತ್ತಿದ್ದರು. ಜಗಳ, ಜಾತಿ ನ್ಯಾಯ, ದಂಡ ಎಲ್ಲವೂ ದೇವರ ಸನ್ನಿಧಿಯ ಪಂಚಾಯ್ತಿಯಲ್ಲಿ ತೀರುತ್ತಿದ್ದವು. ಪ್ಯೂರಿಟನ್ನರ ಊರಿಗೆ ಕಾಫಿ ಸೀಮೆಯಲ್ಲಿ ಹೋಲಿಕೆ ಹುಡುಕಿದರೆ ಅದು ಸಿಗುವುದು ದೊರೆಗಳ ಬಂಗಲೆಗಳಲ್ಲಿ ಅಲ್ಲ, ಈ ಗುಡಿಯಂಗಳಗಳಲ್ಲಿ. ದೇವರ ಮುಂದೆ ಕೂತೇ ಊರಿನ ವಿಷಯ ತೀರ್ಮಾನಿಸುವ ರೀತಿ ಎರಡರಲ್ಲೂ ಒಂದೇ, ತೀರ್ಮಾನದಿಂದ ಕೆಲವರನ್ನು ಹೊರಗಿಡುವ ರೀತಿಯೂ ಒಂದೇ. ನಾಡಿನ ಪಂಚಾಯ್ತಿಯಲ್ಲಿ ಹೊಲೆಯರಿಗೆ ಮಾತಿರಲಿಲ್ಲ, ಹೆಂಗಸರಿಗೂ ಇರಲಿಲ್ಲ.

ಎಲಿಯಟ್ ಈ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿದ. ಕುಡಿತ, ನಡತೆಗಳ ವಿಷಯದಲ್ಲಿ ಜಾತಿಯ ಕಟ್ಟು ಹಳ್ಳಿಗರನ್ನು ಕಾಯುತ್ತದೆ ಎಂದು ವಾದಿಸಿದ, ಮತಾಂತರವಾದವರು ಜಾತಿಯನ್ನು ಪೂರಾ ಬಿಡಬೇಕೆಂಬ ಮಿಷನರಿಗಳ ಹಟವನ್ನು ವಿರೋಧಿಸಿದ. ಕ್ರೈಸ್ತ ತೋಟಗಾರನೊಬ್ಬ ಮಿಷನರಿಗಳಿಗೆ ಎದುರಾಗಿ ಜಾತಿಯ ಪರ ನಿಂತದ್ದು ಕೇಳುವುದಕ್ಕೆ ವಿಚಿತ್ರ. ಆದರೆ ಊರಿನ ಕಟ್ಟು ಸಡಿಲಾಗದೆ ಇದ್ದರೆ ತೋಟದ ಕೆಲಸವೂ ಸುಸೂತ್ರ ಎಂಬುದು ತೋಟಗಾರರಿಗೆ ಅನುಕೂಲವಾದ ಮಾತಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆ ಕಟ್ಟಿನ ಅಡಿಯಲ್ಲಿ ನಲುಗಿದವರ ಮಾತು ಅವನ ವಾದದಲ್ಲಿ ಸಾಕಷ್ಟು ಕೇಳಿಸುವುದಿಲ್ಲ.

ಹೀಗೆ ದೊರೆಗಳನ್ನು ಒಗ್ಗೂಡಿಸಿದ್ದು ದೇವರಲ್ಲ, ತೆರಿಗೆ ಮತ್ತು ಕೂಲಿ. ಮೊದಲು ಕಾಫಿಗೆ ಹಾಲತ್ತು ಎಂಬ ಸುಂಕವಿತ್ತು, ಬೆಳೆದ ಕಾಫಿಯ ಪ್ರತಿ ಮಣಕ್ಕೆ ಇಷ್ಟು ಎಂದು. ಬೆಳೆ ಹೆಚ್ಚಿದಷ್ಟೂ ಸುಂಕ ಹೆಚ್ಚು, ಅಳೆದು ತೂಗುವ ಅಧಿಕಾರಿಯ ಕಾಟ ಬೇರೆ. 1880ರ ದಶಕದಲ್ಲಿ ಇದು ಹೋಗಿ ಎಕರೆಗೆ ಇಂತಿಷ್ಟು ಕಂದಾಯವೆಂದಾಯಿತು. ಕೂಲಿಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಮೇಸ್ತ್ರಿ ದೊರೆಯಿಂದ ಮುಂಗಡ ಪಡೆದು ಘಟ್ಟದ ಕೆಳಗಿನ ಊರುಗಳಿಗೆ ಹೋಗಿ, ಅದನ್ನು ಮನೆಮನೆಗೆ ಹಂಚಿ, ಆಳುಗಳನ್ನು ಕರೆದುಕೊಂಡು ಬರುತ್ತಿದ್ದ. ತೋಟದೊಳಗಿನ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಯಲ್ಲಿ, ಅವರ ವಾಸ. ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಹಾಜರಿ ಒಂದು ಕಡೆ, ಮುಂಗಡ ಒಂದು ಕಡೆ. ವರ್ಷದ ಕೊನೆಗೆ ಲೆಕ್ಕ ಚುಕ್ತಾ ಆಗದಿದ್ದರೆ ಸಾಲ ಮುಂದಿನ ವರ್ಷಕ್ಕೆ ಉರುಳುತ್ತಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ಎಳೆದು ಶಿಕ್ಷಿಸಲು ಬ್ರಿಟಿಷ್ ಇಂಡಿಯಾದಲ್ಲಿ 1859ರ ಕರಾರು ಭಂಗ ಕಾಯ್ದೆ ಅವಕಾಶ ಕೊಟ್ಟಿತ್ತು. ಇಂಥ ಕಾನೂನು ಬಿಗಿಯಾಗಿರಬೇಕು ಎಂಬುದು ತೋಟಗಾರರ ಸಂಘಗಳ ಪದೇ ಪದೇ ಬಂದ ಬೇಡಿಕೆ. ಉತ್ತರ ಮೈಸೂರಿಗೊಂದು, ದಕ್ಷಿಣ ಮೈಸೂರಿಗೊಂದು ಎಂದು ಇದ್ದ ಸಂಘಗಳು ಕೊಡಗು, ವೈನಾಡು, ನೀಲಗಿರಿ ಕಡೆಯವರ ಜೊತೆ ಸೇರಿ 1893ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ತೋಟಗಾರರ ಸಂಯುಕ್ತ ಸಂಘವನ್ನು ಕಟ್ಟಿದವು. ಇಂದಿಗೂ ಅದು ಉಪಾಸಿ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ.

ಸಂಘದ ಆಚೆಗೂ ಒಂದು ವೇದಿಕೆ ತೆರೆದಿತ್ತು. 1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿದ ವರ್ಷವೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಆ ಅಕ್ಟೋಬರಿನ ಮೊದಲ ಸಭೆಗೆ 144 ಸದಸ್ಯರು. ಹೆಚ್ಚಿನವರು ಜಮೀನುದಾರರು ಮತ್ತು ವರ್ತಕರು. ಕಾಫಿ ತೋಟಗಾರರ ಪರವಾಗಿ ಯೂರೋಪಿಯನ್ನರಿಗೂ ಇದರಲ್ಲಿ ಜಾಗ ಸಿಕ್ಕಿತು, ಎಲಿಯಟ್ ಸ್ವತಃ ಸದಸ್ಯನಾಗಿದ್ದ. ದಸರೆಯ ವೇಳೆಗೆ ಸಭೆ ಕೂಡುತ್ತಿತ್ತು, ದಿವಾನರ ಭಾಷಣವಾದ ಮೇಲೆ ಸದಸ್ಯರು ತಂತಮ್ಮ ಸೀಮೆಯ ಅಹವಾಲು ಹೇಳುತ್ತಿದ್ದರು. ಕಾನೂನು ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ಆದರೂ ಬಾಲ್ಯವಿವಾಹದಂಥ, ಧರ್ಮಕ್ಕೆ ಅಂಟಿದ ಪ್ರಶ್ನೆ ಕೂಡ ಅಲ್ಲಿ ಚರ್ಚೆಗೆ ಬಂತು. 1894ರಲ್ಲಿ ಮೈಸೂರು ಸರ್ಕಾರ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಕಡಲಾಚೆಯಿಂದ ಬಂದ ದೊರೆಗಳು ಇಲ್ಲಿನ ಗೌಡ, ಶೆಟ್ಟಿ, ಶ್ಯಾನುಭೋಗರ ಸಾಲಿನಲ್ಲಿ ದೇಶೀ ರಾಜನ ಸಭೆಯಲ್ಲಿ ಕೂತು ಮನವಿ ಸಲ್ಲಿಸಿದ್ದು ಅಮೆರಿಕದ ವಸತಿಗಳಲ್ಲಿ ಊಹಿಸಲಾಗದ ಸಂಗತಿ.

ಈ ಯಾವ ಸಭೆಯಲ್ಲೂ ಲೈನ್ ಮನೆಯವರಿರಲಿಲ್ಲ. ತಮ್ಮ ಧರ್ಮವನ್ನು ಮಾತ್ರ ಅವರು ಯಾರನ್ನೂ ಕೇಳದೆ ಜೊತೆಗೆ ತಂದಿದ್ದರು. ತುಳು ಸೀಮೆಯಿಂದ ಬಂದವರ ಜೊತೆ ಪಂಜುರ್ಲಿ, ಗುಳಿಗ ದೈವಗಳು ಘಟ್ಟ ಹತ್ತಿ ತೋಟದ ಮರದಡಿಯ ಕಲ್ಲುಗಳಾಗಿ ನೆಲೆಸಿದವು. ಮಂಗಳೂರಿನ ಕಡೆಯಿಂದ ರೈಟರಾಗಿ, ಮೇಸ್ತ್ರಿಯಾಗಿ, ಆಳಾಗಿ ಬಂದ ಕೊಂಕಣಿ ಕ್ಯಾಥೊಲಿಕರು ಚರ್ಚುಗಳನ್ನು ಕಟ್ಟಿಕೊಂಡರು. ಕ್ರೈಸ್ತ ಧರ್ಮ ಈ ಸೀಮೆಯಲ್ಲಿ ಬೇರುಬಿಟ್ಟಿದ್ದು ದೊರೆಗಳಿಗಿಂತ ಹೆಚ್ಚಾಗಿ ಇವರಿಂದ. ಚಿಕ್ಕಮಗಳೂರು ಧರ್ಮಪ್ರಾಂತ್ಯ 1963ರಲ್ಲಿ ಸ್ಥಾಪನೆಯಾಯಿತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಇಂಗ್ಲಿಷರು ತೋಟಗಳನ್ನು ಒಂದೊಂದಾಗಿ ಮಾರಿ ಹೊರಟರು. ಕೊಂಡವರಲ್ಲಿ ಹೆಚ್ಚಿನವರು ಇಲ್ಲಿನವರೇ, ತೋಟಗಾರರ ಸಂಘಗಳ ಚುಕ್ಕಾಣಿಯೂ ಅವರ ಕೈಗೆ ಬಂತು. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಕುಡಿಯುವ ನೀರು, ವೈದ್ಯಕೀಯ ನೆರವು ಒದಗಿಸುವುದನ್ನು ಮಾಲೀಕರ ಹೊಣೆಯೆಂದು ಗೊತ್ತುಮಾಡಿತು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಆಸ್ತಿ, ಜಾತಿ, ಧರ್ಮ, ಲಿಂಗ ಯಾವುದನ್ನೂ ಕೇಳದೆ ಪ್ರಾಪ್ತ ವಯಸ್ಸಿನ ಎಲ್ಲರಿಗೂ ಮತದ ಹಕ್ಕು ಬಂತು. ತೋಟದ ಮಾಲೀಕರಿಗೂ ಲೈನ್ ಮನೆಯ ಹೆಂಗಸಿಗೂ ಅಂದಿನಿಂದ ತಲೆಗೊಂದೇ ಮತ.