ಒಂದು ಗೋಪುರ, ಹಲವು ಬಾಡಿಗೆದಾರರು: ದೂರಸಂಪರ್ಕ ಮೂಲಸೌಕರ್ಯ ಹಂಚಿಕೆಯ ಲೆಕ್ಕಾಚಾರ

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ತಮ್ಮ ಕಟ್ಟಡದ ಮೇಲ್ಛಾವಣಿಯನ್ನೋ ಗೋದಾಮಿನ ಹಿಂಬದಿಯ ನಿವೇಶನವನ್ನೋ ಮೊಬೈಲ್ ಗೋಪುರಕ್ಕಾಗಿ ಬಾಡಿಗೆಗೆ ಕೊಟ್ಟಿರುತ್ತಾರೆ. ಇನ್ನು ಕೆಲವರು ಉಕ್ಕಿನ ಬಿಡಿಭಾಗ, ಬ್ಯಾಟರಿ, ಜನರೇಟರುಗಳನ್ನು ಪೂರೈಸುವವರು. ಆದರೆ ಆ ಗೋಪುರದ ಒಡೆತನ ಯಾರದು, ಅದರ ಮೇಲೆ ಎಷ್ಟು ಕಂಪನಿಗಳು ನೆಲೆಸಿವೆ, ಆ ಸಂಖ್ಯೆಗೂ ತಮ್ಮ ಆದಾಯಕ್ಕೂ ಇರುವ ಸಂಬಂಧವೇನು ಎಂಬುದನ್ನು ವಿಚಾರಿಸಿದವರು ವಿರಳ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಆಗ ಒಂದು ನಿಮಿಷದ ಮಾತಿಗೆ ಸುಮಾರು 16 ರೂಪಾಯಿ. ಒಳಬರುವ ಕರೆಗೂ ಶುಲ್ಕ. ಪ್ರತಿ ಕಂಪನಿಯೂ ತನ್ನದೇ ಗೋಪುರ, ತನ್ನದೇ ಜನರೇಟರು, ತನ್ನದೇ ಕಾವಲುಗಾರ ಎಂಬ ಪದ್ಧತಿಯಲ್ಲಿ ಜಾಲ ಕಟ್ಟುತ್ತಿತ್ತು. ಎಲ್ಲಿ ತನ್ನ ಗೋಪುರವಿದೆ, ಎಲ್ಲಿ ಪ್ರತಿಸ್ಪರ್ಧಿಯದಿಲ್ಲ ಎಂಬುದೇ ವ್ಯಾಪಾರದ ಬಂಡವಾಳವಾಗಿತ್ತು. ಪಟ್ಟಣಗಳಲ್ಲಿ ಇದು ನಡೆಯಿತು. ಗ್ರಾಹಕರು ವಿರಳವಾದ ಹಳ್ಳಿಗಳಲ್ಲಿ ಮಾತ್ರ ಲೆಕ್ಕ ಕೂಡಿಬರಲಿಲ್ಲ.

ಕಾರಣ ಸರಳ. ಉದಾಹರಣೆಗಾಗಿ ಒಂದು ಗೋಪುರದ ವಾರ್ಷಿಕ ವೆಚ್ಚ, ಅಂದರೆ ಸವಕಳಿ, ಬಡ್ಡಿ, ನೆಲಬಾಡಿಗೆ, ನಿರ್ವಹಣೆ ಎಲ್ಲವೂ ಸೇರಿ, 6 ಲಕ್ಷ ರೂಪಾಯಿ ಎಂದು ಭಾವಿಸೋಣ. ಎರಡನೆಯ ಕಂಪನಿ ಬಂದಾಗ ಹೆಚ್ಚುವರಿ ವೆಚ್ಚ 1 ಲಕ್ಷವೆಂದರೆ ಒಟ್ಟು 7 ಲಕ್ಷ, ತಲಾ ಮೂರೂವರೆ ಲಕ್ಷ. ಮೂರನೆಯದೂ ಅಷ್ಟೇ ವೆಚ್ಚ ತಂದರೆ ಒಟ್ಟು 8 ಲಕ್ಷ, ತಲಾ ಸುಮಾರು 2 ಲಕ್ಷ 67 ಸಾವಿರ. ಒಬ್ಬರಿಗೆ ನಷ್ಟ ತರುವ ಊರು ಮೂವರಿಗೆ ಲಾಭ ತರುವ ಊರಾಗುತ್ತದೆ. ಕೈಗಾರಿಕಾ ವಸಾಹತಿನಲ್ಲಿ ಸಾಮೂಹಿಕ ತ್ಯಾಜ್ಯನೀರು ಶುದ್ಧೀಕರಣ ಘಟಕಕ್ಕೆ ವಂತಿಗೆ ಕಟ್ಟಿದ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಡೀಸೆಲ್ ಮತ್ತು ವಿದ್ಯುತ್ತು ಹೀಗೆ ಭಾಗವಾಗುವುದಿಲ್ಲ. ಉಪಕರಣ ಹೆಚ್ಚಿದಷ್ಟೂ ಅವೂ ಹೆಚ್ಚುತ್ತವೆ.

ಸರ್ಕಾರದ ನೀತಿಯೂ ಹಂತಹಂತವಾಗಿ ಇದೇ ದಿಕ್ಕಿಗೆ ಬಂದಿತು. ಗೋಪುರ, ನಾಳ, ಬೆಳಕು ಹರಿಸದ ನಾರುತಂತಿ ಇವನ್ನು ಗುತ್ತಿಗೆಗೆ ಕೊಡುವ ಸಂಸ್ಥೆಗಳಿಗೆ ಪರವಾನಗಿಯ ಬದಲು ಕೇವಲ ನೋಂದಣಿ ಸಾಕೆಂಬ ವ್ಯವಸ್ಥೆ 2000ದಲ್ಲೇ ಇತ್ತು. 2007ರಲ್ಲಿ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯು ಏಳು ಸಾವಿರಕ್ಕೂ ಹೆಚ್ಚು ಗ್ರಾಮೀಣ ಗೋಪುರಗಳಿಗೆ ಸಹಾಯಧನ ನೀಡುವ ಯೋಜನೆ ಕೈಗೊಂಡಿತು. ಪ್ರತಿ ಗೋಪುರವನ್ನೂ ಮೂರು ಸೇವಾದಾರರು ಹಂಚಿಕೊಳ್ಳುವಂತೆ ಅದನ್ನು ರೂಪಿಸಲಾಗಿತ್ತು. ಅದೇ ವರ್ಷ ಭಾರ್ತಿ, ವೊಡಾಫೋನ್ ಎಸ್ಸಾರ್ ಮತ್ತು ಐಡಿಯಾ ಕಂಪನಿಗಳು ಕೂಡಿ ಇಂಡಸ್ ಟವರ್ಸ್ ಸ್ಥಾಪಿಸಿದವು. ಗ್ರಾಹಕನಿಗಾಗಿ ಬೀದಿಯಲ್ಲಿ ಸೆಣಸುವವರು ಗೋಪುರದಲ್ಲಿ ಪಾಲುದಾರರಾದರು. 2008ರ ಏಪ್ರಿಲ್‌ನ ಮಾರ್ಗಸೂಚಿಗಳು ಗೋಪುರವಷ್ಟೇ ಅಲ್ಲದೆ ಆಂಟೆನಾ, ಫೀಡರ್ ಕೇಬಲ್, ಪ್ರಸರಣ ವ್ಯವಸ್ಥೆಗಳ ಹಂಚಿಕೆಗೂ ದಾರಿ ಮಾಡಿದವು. ತರಂಗಾಂತರದ ಹಂಚಿಕೆಗೆ 2015ರವರೆಗೆ ಕಾಯಬೇಕಾಯಿತು.

ಕರೆದರ ಇಳಿದದ್ದು ಹಂಚಿಕೆಯಿಂದಲೇ ಎಂದು ಹೇಳಲಾಗದು. 1999ರ ನೀತಿಯು ನಿಗದಿತ ಪರವಾನಗಿ ಶುಲ್ಕದ ಬದಲು ಆದಾಯದ ಪಾಲನ್ನು ತಂದದ್ದು, 2003ರಲ್ಲಿ ಒಳಬರುವ ಕರೆ ಉಚಿತವಾದದ್ದು, ಸ್ಪರ್ಧೆ, ಇವೆಲ್ಲವೂ ಕಾರಣಗಳೇ. ಇಳಿದ ದರದಲ್ಲೂ ಹಳ್ಳಿಗೆ ಜಾಲ ತಲುಪುವಂತಾದದ್ದರಲ್ಲಿ ಹಂಚಿಕೆಯ ಪಾಲು ದೊಡ್ಡದು.

ಆದರೆ ಭಾಗಾಕಾರ ಹಿಮ್ಮುಖವಾಗಿಯೂ ನಡೆಯುತ್ತದೆ. ಬಾಡಿಗೆದಾರನೊಬ್ಬ ಹೊರಟರೆ ಸ್ಥಿರ ವೆಚ್ಚ ಉಳಿದವರ ತಲೆಗೋ ಗೋಪುರದ ಒಡೆಯನ ತಲೆಗೋ ಬೀಳುತ್ತದೆ. 2010ರಲ್ಲಿ ಜಿಟಿಎಲ್ ಸಮೂಹವು ಏರ್‌ಸೆಲ್‌ನ ಸುಮಾರು 17,500 ಗೋಪುರಗಳನ್ನು ಸುಮಾರು 8,400 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಿತು. ಹೊಸ ಕಂಪನಿಗಳು ಸಾಲಾಗಿ ಬಂದು ಬಾಡಿಗೆ ಹಿಡಿಯುವವೆಂಬ ಕಾಲವದು. 2012ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 122 ಪರವಾನಗಿಗಳನ್ನು ರದ್ದುಗೊಳಿಸಿತು. 2016ರಲ್ಲಿ ಜಿಯೊ ಪ್ರವೇಶಿಸಿದ ಬಳಿಕ ಉಳಿದವರೂ ಒಬ್ಬೊಬ್ಬರಾಗಿ ವಿಲೀನಗೊಂಡರು ಅಥವಾ ಮುಚ್ಚಿದರು. 2018ರಲ್ಲಿ ಸ್ವತಃ ಏರ್‌ಸೆಲ್ ದಿವಾಳಿ ಅರ್ಜಿ ಸಲ್ಲಿಸಿತು. ಗೋಪುರಗಳು ಉಳಿದವು, ಬಾಡಿಗೆದಾರರು ಉಳಿಯಲಿಲ್ಲ.

ತೆರಿಗೆಯ ಕಥೆ ನಮ್ಮ ವೃತ್ತಿಯವರಿಗೆ ಒಂದು ವಿನೋದ. 2016ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸ್ಥಳೀಯ ಆಸ್ತಿ ತೆರಿಗೆಯ ಮಟ್ಟಿಗೆ ಮೊಬೈಲ್ ಗೋಪುರವನ್ನು ಕಟ್ಟಡವೆಂದು ಪರಿಗಣಿಸಬಹುದೆಂದಿತು. ಅದೇ ನ್ಯಾಯಾಲಯ 2024ರ ನವೆಂಬರ್‌ನಲ್ಲಿ, ಸೆನ್‌ವ್ಯಾಟ್ ಜಮೆಯ ಮಟ್ಟಿಗೆ ಗೋಪುರವು ಚರಸ್ವತ್ತು ಎಂದಿತು. ಸಂದರ್ಭಗಳು ಬೇರೆ, ಆದ್ದರಿಂದ ತರ್ಕದಲ್ಲಿ ವಿರೋಧವಿಲ್ಲ. ಆದರೂ ಒಂದೇ ಉಕ್ಕಿನ ಕಂಬ ಪುರಸಭೆಗೆ ಮನೆಯಾಗಿ, ಅಬಕಾರಿ ಇಲಾಖೆಗೆ ಸರಕಾಗಿ ನಿಂತಿತು. ಇದು ಕೇವಲ ಪಂಡಿತರ ಚರ್ಚೆಯಲ್ಲ: ತೆರಿಗೆ ಜಮೆ ಸಿಗದಿದ್ದರೆ ಆ ಮೊತ್ತ ಗೋಪುರದ ವೆಚ್ಚವಾಗಿ ಬಾಡಿಗೆಯೊಳಗೆ, ಕೊನೆಗೆ ಗ್ರಾಹಕನ ಬಿಲ್ಲಿನೊಳಗೆ ಸೇರುತ್ತದೆ. ಜಿಎಸ್‌ಟಿ ಕಾಯಿದೆಯು ‘ಯಂತ್ರೋಪಕರಣ’ದ ವ್ಯಾಖ್ಯೆಯಿಂದ ದೂರಸಂಪರ್ಕ ಗೋಪುರವನ್ನು ಹೊರಗಿಟ್ಟಿದ್ದರೂ, 2024ರ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಗೋಪುರ ಸ್ಥಿರಾಸ್ತಿಯೇ ಅಲ್ಲವಾದ್ದರಿಂದ ಜಮೆಗೆ ಅಡ್ಡಿಯಿಲ್ಲವೆಂದು ತೀರ್ಪಿತ್ತಿತು.

ಇನ್ನು ನಿವೇಶನದ ಮಾಲೀಕರ ವಿಷಯ. ನನ್ನ ಕಕ್ಷಿದಾರರೊಬ್ಬರು, ಧಾನ್ಯದ ಸಗಟು ವ್ಯಾಪಾರಿಗಳು, ಗೋದಾಮಿನ ಛಾವಣಿಯನ್ನು ಹದಿನೈದು ವರ್ಷಕ್ಕೆ ಬರೆದುಕೊಟ್ಟಿದ್ದರು. ಕೆಲ ವರ್ಷಗಳಲ್ಲಿ ಮೇಲೆ ಮೂರು ಕಂಪನಿಗಳ ಆಂಟೆನಾಗಳು ಬಂದವು. ಇವರ ಬಾಡಿಗೆ ಒಂದು ರೂಪಾಯಿಯೂ ಏರಲಿಲ್ಲ. ಕರಾರಿನಲ್ಲಿ ಉಪಬಾಡಿಗೆಯ ಹಕ್ಕನ್ನು ಮುಕ್ತವಾಗಿ ಬಿಟ್ಟುಕೊಟ್ಟಿದ್ದುದೇ ಕಾರಣ. ಮುಂದೆ ಕಂಪನಿಗಳು ಹೊರಟಾಗ ಬಾಡಿಗೆ ನಿಂತಿತು. ಅವಧಿಯ ನಡುವೆ ಬಿಟ್ಟುಹೋಗಲು ಗೋಪುರದವರಿಗೆ ಅವಕಾಶವಿತ್ತು, ಇವರಿಗಿರಲಿಲ್ಲ. ಕಬ್ಬಿಣ ಇಳಿಸುವ ಗಡುವಾಗಲಿ ಛಾವಣಿಯ ದುರಸ್ತಿಯ ಹೊಣೆಯಾಗಲಿ ಬರೆದಿರಲಿಲ್ಲ. ಎರಡು ಮಳೆಗಾಲ ಗೋದಾಮು ಸೋರಿತು. ಕರಡನ್ನು ಸಹಿಗೆ ಮುನ್ನ ನನಗೆ ತೋರಿಸಿದ್ದರು. ನಾನು ಮೂಲದಲ್ಲಿ ಕಡಿತವಾಗುವ ತೆರಿಗೆಯನ್ನಷ್ಟೇ ನೋಡಿ ಹಿಂದಿರುಗಿಸಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಕಳೆದ ವರ್ಷ ಅವರ ಇನ್ನೊಂದು ನಿವೇಶನಕ್ಕೆ ಬೇಡಿಕೆ ಬಂದಾಗ ಕರಾರನ್ನು ಸಾಲುಸಾಲಾಗಿ ಓದಿದೆವು. ಹೊಸ ಬಾಡಿಗೆದಾರ ಸೇರಿದಂತೆಲ್ಲ ಬಾಡಿಗೆ ಏರಬೇಕು, ಉಪಬಾಡಿಗೆಯ ವಿವರವನ್ನು ಲಿಖಿತವಾಗಿ ತಿಳಿಸಬೇಕು, ಆಸ್ತಿ ತೆರಿಗೆ ಗೋಪುರದವರದು, ತೆರವಿಗೆ ತೊಂಬತ್ತು ದಿನ, ಅದಕ್ಕೆ ಭದ್ರತಾ ಠೇವಣಿ ಎಂದು ಕೇಳಿದೆವು. ಮೊದಲನೆಯದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. ಎರಡು ತಿಂಗಳ ಪತ್ರವ್ಯವಹಾರದ ನಂತರ ಎರಡನೆಯ ಬಾಡಿಗೆದಾರನಿಂದ ಶೇಕಡ 15ರಷ್ಟು ಏರಿಕೆಗೆ ಸಮ್ಮತಿಸಿದರು. ಉಳಿದ ಷರತ್ತುಗಳನ್ನು ತಕರಾರಿಲ್ಲದೆ ಸ್ವೀಕರಿಸಿದರು.