ಶಯ್ಯೆಯ ಬಳಿಗೆ ಬರುವ ಅಧಿಕಾರಿ

ಕಚೇರಿಯ ಮೆಟ್ಟಿಲನ್ನು ಹತ್ತಲಾರದ ವೃದ್ಧರಿಗೂ ಹಾಸಿಗೆ ಹಿಡಿದ ರೋಗಿಗಳಿಗೂ ತಮ್ಮ ಸ್ವಾರ್ಜಿತವನ್ನು ಕುರಿತು ಕೊನೆಯ ಮಾತನ್ನಾಡುವ ಹಕ್ಕು ಉಂಟಷ್ಟೆ. ಕಾಯಿದೆಯು ಇದನ್ನು ಮರೆತಿಲ್ಲ. 1908ನೆಯ ಇಸವಿಯ ನೋಂದಣಿ ಕಾಯಿದೆಯ 31ನೆಯ ಕಲಮಿನಂತೆ, ವಿಶೇಷ ಕಾರಣವನ್ನು ತೋರಿಸಿದಲ್ಲಿ ನೋಂದಣಾಧಿಕಾರಿಯು ಮನೆಗೇ ಬಂದು ದಸ್ತಾವೇಜನ್ನು ಸ್ವೀಕರಿಸಬಹುದು. ದೇಹದೌರ್ಬಲ್ಯದಿಂದ ಕಚೇರಿಗೆ ಬರಲಾರದವರನ್ನು ಅವರಿದ್ದಲ್ಲಿಯೇ ವಿಚಾರಿಸಬೇಕೆಂದು 38ನೆಯ ಕಲಮು ವಿಧಿಸುತ್ತದೆ. 1952ನೆಯ ಕಾಯಿದೆಯಂತೆ ನೇಮಕಗೊಂಡ ನೋಟರಿಗಳೂ ರೋಗಿಯ ಬಳಿಗೆ ಹೋಗಿ ಪತ್ರಗಳನ್ನು ದೃಢೀಕರಿಸುವುದುಂಟು.

ಆದರೆ ಅಧಿಕಾರಿಯು ಬಂದ ಮಾತ್ರಕ್ಕೆ ರೋಗಿಗೆ ರಕ್ಷಣೆ ದೊರೆಯಿತೆಂದು ತಿಳಿಯಲಾಗದು. ಅವನನ್ನು ಕರೆತಂದವರು ಯಾರು? ಬಹುಮಟ್ಟಿಗೆ ಪತ್ರದಿಂದ ಲಾಭ ಹೊಂದತಕ್ಕವರೇ. ಬರಹವು ಮೊದಲೇ ಸಿದ್ಧವಾಗಿರುತ್ತದೆ. ಸಾಕ್ಷಿಗಳು ಅವರ ಕಡೆಯವರೇ ಆಗಿರುತ್ತಾರೆ. ಉಳಿದಿರುವುದು ರೋಗಿಯ ಹೆಬ್ಬೆಟ್ಟು ಮಾತ್ರ. ಇಂತಹ ಸಮಯದಲ್ಲಿ ಅಧಿಕಾರಿಯು ಗುರುತನ್ನಷ್ಟೇ ಪಡೆದು ಹೊರಟುಹೋದರೆ, ಕಾಯಿದೆಯ ದಯೆಯೇ ಅನ್ಯಾಯಕ್ಕೆ ಸಾಧನವಾದೀತು.

1925ನೆಯ ಭಾರತೀಯ ಉತ್ತರಾಧಿಕಾರ ಕಾಯಿದೆಯು, ವ್ಯಾಧಿಯಿಂದ ತಾನೇನು ಮಾಡುತ್ತಿರುವೆನೆಂಬುದನ್ನೇ ಅರಿಯದ ಸ್ಥಿತಿಯಲ್ಲಿರುವವನು ಮರಣಶಾಸನವನ್ನು ಮಾಡಲಾರನೆಂದು ಸ್ಪಷ್ಟವಾಗಿ ಸಾರುತ್ತದೆ. ಕನಿಷ್ಠ ಪಕ್ಷ ಇಬ್ಬರು ಸಾಕ್ಷಿಗಳು ಅವನ ಸಮಕ್ಷಮದಲ್ಲಿ ರುಜು ಹಾಕಬೇಕು. ಮೈಸೂರಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮನವರ ವ್ಯಾಜ್ಯದಲ್ಲಿ 1958ರಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ಗಜೇಂದ್ರಗಡಕರರು, ಶಾಸನವನ್ನು ಬರೆಯಿಸುವುದರಲ್ಲಿ ಮುಂದಾಳಾದವನೇ ಅದರಿಂದ ಹೆಚ್ಚಿನ ಲಾಭವನ್ನು ಪಡೆಯುವುದು ಸಂಶಯಾಸ್ಪದವೆಂದೂ, ಆ ಸಂಶಯವನ್ನು ನೀಗಿಸುವ ಭಾರವು ಶಾಸನವನ್ನು ಮುಂದಿಡುವವರದೆಂದೂ ನಿರ್ಣಯಿಸಿದರು. ಆದರೆ ಕೋರ್ಟಿನಲ್ಲಿ ಈ ಪ್ರಶ್ನೆ ಏಳುವ ಹೊತ್ತಿಗೆ ಉತ್ತರ ಹೇಳಬೇಕಾದವರು ಬದುಕಿರುವುದಿಲ್ಲ. ಪ್ರಶ್ನೆಯನ್ನು ಶಯ್ಯೆಯ ಬಳಿಯಲ್ಲಿಯೇ ಕೇಳಬೇಕು.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟು: ಬಂಧುಗಳನ್ನು ಸ್ವಲ್ಪ ಹೊತ್ತು ಹೊರಗೆ ಕಳುಹಿಸಿರಿ. ಪತ್ರವನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಿರಿ. ಹೌದು, ಅಲ್ಲ ಎಂಬ ಉತ್ತರದಿಂದ ತೃಪ್ತರಾಗದೆ, ಯಾರಿಗೆ ಏನನ್ನು ಕೊಡುತ್ತಿರುವರೆಂಬುದನ್ನು ಅವರ ಬಾಯಿಂದಲೇ ಕೇಳಿರಿ. ಅನುಮಾನ ತೋರಿದರೆ ವೈದ್ಯರ ಅಭಿಪ್ರಾಯ ಪಡೆಯಿರಿ. ಅದೂ ಸಾಲದಾದರೆ ಬರಿಗೈಯಲ್ಲಿ ಹಿಂದಿರುಗಿರಿ. ಹಾಗೆ ಹಿಂದಿರುಗುವುದೂ ಕರ್ತವ್ಯಪಾಲನೆಯೇ.

ಮಹಾಜನರಿಗೂ ಒಂದು ಮಾತು. ಮರಣಶಾಸನಕ್ಕೆ ಸ್ಟಾಂಪು ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಬದುಕಿರುವವರೆಗೆ ಎಷ್ಟು ಸಲವಾದರೂ ತಿದ್ದಬಹುದು. ಆರೋಗ್ಯವಿರುವಾಗ ಒಂದು ಹಾಳೆಯ ಮೇಲೆ ತೀರಬಹುದಾದ ಕೆಲಸವನ್ನು ಜ್ವರದ ರಾತ್ರಿಗೆ ಉಳಿಸಿಕೊಳ್ಳುವುದೇಕೆ? ಮೃತ್ಯುವಿನ ಹೆಸರೆತ್ತುವುದು ಅಶುಭವೆಂಬ ಸಂಕೋಚಕ್ಕಿಂತ, ಮಕ್ಕಳು ಕೋರ್ಟಿನ ಕಟ್ಟೆಯ ಮೇಲೆ ಎದುರಾಳಿಗಳಾಗಿ ನಿಲ್ಲುವುದು ಹೆಚ್ಚಿನ ಅಶುಭವಲ್ಲವೆ?